ಹುಳುವಿಲ್ಲದ ಹುಳುಮನೆ

ಗೋಪಿನಾಥಂ
5 ಮಾರ್ಚ್ 2025

ರೀ,

ಇನ್ನು ಫೋನಿನ ಸಹವಾಸ ಸಾಕು. ನಿನ್ನೆ ಸಂಜೆ ಸಿಗ್ನಲ್ ಸಿಗುವ ಬಂಡೆ ಹತ್ತಿ ನಿಂತರೆ ನೀವು ಹೇಳಿದ್ದು ಒಂದಕ್ಷರ ತಿಳಿಯಲಿಲ್ಲ. ನಿಮ್ಮ ಮಾತಿನ ಹಿಂದೆ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಸದ್ದು. ಬೇಸರ ಪಟ್ಟುಕೊಂಡು ಇಳಿಯುವಾಗ ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು, ಹಸಿಯಾಗಿ. ನಾನು ಹತ್ತುವಾಗ ಅದು ಅಲ್ಲಿರಲಿಲ್ಲ. ನಮ್ಮ ಆರೋಗ್ಯ ಉಪಕೇಂದ್ರದ ಬಾಗಿಲು ಮುಟ್ಟುವವರೆಗೆ ಓಡಿದೆ. ಅದಕ್ಕೇ ಈ ಕಾಗದ. ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ಮಾದಣ್ಣನವರ ಮಗಳಿಗೆ ಇಲ್ಲೇ ಹೆರಿಗೆ ಮಾಡಿಸಿದ್ದೆ, ಆ ಋಣಕ್ಕೆ ಅವರು ಕಾಗದ ಒಯ್ದು ತಂದು ಮಾಡುತ್ತೇನೆಂದು ಒಪ್ಪಿದ್ದಾರೆ. ನೀವು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅವರ ಕೈಗೇ ಕೊಡಿ.

ಆ ಸದ್ದು ನಿಮ್ಮ ಸ್ನೇಹಿತ ಗುರುಪಾದಸ್ವಾಮಿಯವರ ಬಿಟ್‌ಕಾಯಿನ್ ಯಂತ್ರದ್ದೇ ತಾನೆ? ಕೊಳ್ಳೇಗಾಲದಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಜಗಳವಾಡಿ, ಅವರನ್ನು ಬಾಡಿಗೆ ಮನೆಯಿಂದಲೇ ಎಬ್ಬಿಸಿದ ಯಂತ್ರವನ್ನು ನೀವು ಹೊನ್ನೂರಿಗೆ ತಂದಿದ್ದೀರಿ. ನೀವು ತರುತ್ತೇನೆ ಅಂದಾಗ ನಾನು ಬೇಡ ಎನ್ನಲಿಲ್ಲ. ಅತ್ತೆಗೆ ಏನು ಹೇಳುವುದು ಎಂದು ನೀವು ತಲೆ ಕೆರೆದುಕೊಂಡಾಗ, ಖಾಲಿ ಬಿದ್ದಿರುವ ಹುಳುಮನೆಯಲ್ಲಿಟ್ಟು ರೇಷ್ಮೆ ಹುಳು ಸಾಕಿದ್ದೀನಿ ಅನ್ನಿ ಎಂದು ತಮಾಷೆಗೆ ಹೇಳಿಕೊಟ್ಟವಳೂ ನಾನೇ. ಆದರೆ ಆ ಸದ್ದನ್ನು ಕೇಳಿದ ಮೇಲೆ ಭಯವಾಗುತ್ತಿದೆ. ಮಾವನವರು ಪಂಪ್‌ಸೆಟ್ಟಿನ ಕರೆಂಟು ಹೊಡೆದು ಹೋದ ಮೇಲೆ ಅತ್ತೆ ದೀಪದ ಸ್ವಿಚ್ಚನ್ನೂ ಕೋಲಿನ ತುದಿಯಿಂದ ಒತ್ತುವವರು. ಅವರ ಗೋಡೆಯ ಆಚೆ ಅಷ್ಟು ಕರೆಂಟು ಕುಡಿಯುವ ಪೆಟ್ಟಿಗೆ ಇದೆ ಎಂದು ಗೊತ್ತಾದರೆ ಏನು ಗತಿ?

ಒಂದೇ ಮಾತು ಕೇಳುತ್ತೇನೆ. ಧನು ಇನ್ನೂ ಮಗು, ಹುಳುಮನೆಯ ಕಡೆ ಮಲಗಬಾರದು. ಹಿಂದಿನ ಕೋಣೆಯ ಗೋಡೆ ಹುಳುಮನೆಗೆ ಅಂಟಿಕೊಂಡಿದೆ. ಅವಳೂ ಅತ್ತೆಯೂ ಮುಂದಿನ ಹಜಾರದಲ್ಲೇ ಮಲಗಲಿ.

ಮಾಲಿನಿ


ಹೊನ್ನೂರು
9 ಮಾರ್ಚ್ 2025

ಮಾಲಿನಿ,

ನಿನ್ನ ಕಾಗದ ಓದುತ್ತಾ ಹಿಟ್ಟಿನ ಗಿರಣಿ ಅನ್ನುವಲ್ಲಿ ನಗು ಬಂತು, ಆನೆ ಲದ್ದಿ ಅನ್ನುವಲ್ಲಿ ನಿಂತುಹೋಯಿತು. ಇನ್ನು ಆ ಬಂಡೆಯ ಕಡೆ ಹೋಗಬೇಡ. ಈ ಪೆಟ್ಟಿಗೆ ಕೈ ಹಿಡಿದರೆ ನೀನು ಆ ಕಾಡಿನ ಕೆಲಸ ಬಿಟ್ಟು ಮನೆಗೆ ಬಂದುಬಿಡಬಹುದು. ಇಷ್ಟೆಲ್ಲ ಒದ್ದಾಡುತ್ತಿರುವುದು ಅದಕ್ಕೇ.

ಸದ್ದಿನ ವಿಷಯ ಹೇಳುತ್ತೇನೆ ಕೇಳು. ಇದೊಂದು ಶೂ ಡಬ್ಬಿಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಪೆಟ್ಟಿಗೆ. ಬಿಟ್‌ಕಾಯಿನ್ ಎಂಬ ಕಂಪ್ಯೂಟರ್ ದುಡ್ಡು ಗಳಿಸಲು ಹಗಲು ರಾತ್ರಿ ಲೆಕ್ಕ ಮಾಡುತ್ತದೆ, ಲೆಕ್ಕ ಮಾಡಿ ಮಾಡಿ ಕಾಯುತ್ತದೆ. ಆ ಕಾವನ್ನು ಹೊರಗೆ ತಳ್ಳಲು ಎರಡು ತುದಿಗೂ ಚಿಕ್ಕ ಫ್ಯಾನುಗಳಿವೆ, ಕಿರುಚುವುದು ಅವು. ತಣ್ಣಗೆ ಮಾಡಿದರೆ ಅವು ನಿಧಾನವಾಗುತ್ತವೆ, ನಿಧಾನವಾದರೆ ಸದ್ದು ಇಳಿಯುತ್ತದೆ. ತಣ್ಣಗಿಡುವುದಕ್ಕೆ ಹುಳುಮನೆಗಿಂತ ಒಳ್ಳೆಯ ಜಾಗ ಯಾವುದಿದೆ ಹೇಳು. ಬೇಸಿಗೆಯಲ್ಲಿ ಹುಳುವಿಗೆ ಕಾವು ತಗಲದಿರಲಿ ಎಂದು ಅಪ್ಪ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಹಾಕುತ್ತಿದ್ದರಲ್ಲ, ಅದನ್ನೇ ನಾನೂ ಮಾಡಿದ್ದೇನೆ. ಒದ್ದೆ ತಾಟಿನಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಬಿಸಿಗಾಳಿಯನ್ನು ಒಂದು ದಪ್ಪ ಪೈಪಿನಲ್ಲಿ ಹಿಂದಿನ ಗೋಡೆಯಿಂದ ಹಿತ್ತಲಿಗೆ ಬಿಟ್ಟಿದ್ದೇನೆ. ಹುಳು ಗೂಡು ಕಟ್ಟುವ ಬಿದಿರಿನ ಹಳೆಯ ಚಂದ್ರಿಕೆಗಳು ಅಟ್ಟದ ಮೇಲೆ ಬಿದ್ದಿದ್ದವು. ಅವುಗಳ ಸುರುಳಿಯೊಳಗೆಲ್ಲ ತೆಂಗಿನ ನಾರು ತುಂಬಿ ಪೆಟ್ಟಿಗೆಯ ಸುತ್ತ ನಿಲ್ಲಿಸಿದೆ. ಅರ್ಧ ಸದ್ದು ಅಲ್ಲೇ ಇಂಗಿಹೋಯಿತು.

ಇನ್ನು ಅವ್ವನ ಕಥೆ. ಗೋಡೆಯಾಚೆಯಿಂದ ಈಗ ಬರುವ ಸದ್ದು ದೊಡ್ಡ ಹುಳು ಸೊಪ್ಪು ಮೇಯುವಾಗ ಬರುತ್ತದಲ್ಲ, ಥೇಟು ಅದೇ. ಅವ್ವ ಗೋಡೆಗೆ ಕಿವಿಯಿಟ್ಟು ಕೇಳಿ, "ಏಸ್ ವರ್ಸ ಆಗಿತ್ತು ಕಣ್ಲಾ ಈ ಸದ್ದ ಕೇಳಿ" ಅಂದಳು. ಕಣ್ಣಿಗೆ ಪೊರೆ ಬಂದ ಮೇಲೆ ಹುಳುವಿನ ಮೇಲೆ ಕಾಲಿಟ್ಟುಬಿಟ್ಟೇನು ಎಂದು ಅವಳೇ ಹುಳುಮನೆಯ ಹೊಸ್ತಿಲು ದಾಟುವುದಿಲ್ಲ. ಅವಳ ನಂಬಿಕೆಗೆ ದಿನಾ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಕೇಳಿ ತರುತ್ತೇನೆ. ಅದು ಮುಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹಸುವಿನ ಬಾಯಿಗೆ ಬರುತ್ತದೆ. ಹಸು ಗುಂಡಗಾಗಿದೆ.

ಧನು ಮಾತ್ರ ಬಾಗಿಲ ಸಂದಿಯಲ್ಲಿ ಇಣುಕಿ ಎಲ್ಲ ನೋಡಿಬಿಟ್ಟಿದ್ದಾಳೆ. ಊದುವ ಪೆಟ್ಟಿಗೆ ಎಂದು ಹೆಸರಿಟ್ಟಿದ್ದಾಳೆ. ಅವಳೂ ಅವ್ವನೂ ಹಜಾರದಲ್ಲೇ ಮಲಗುತ್ತಾರೆ, ಯೋಚನೆ ಬೇಡ.

ಗುರು


ಗೋಪಿನಾಥಂ
14 ಮಾರ್ಚ್ 2025

ರೀ,

ಒಣಗಿದ ಬಿದಿರು, ಒಣಗಿದ ತೆಂಗಿನ ನಾರು, ನಡುವೆ ಕಾಯುವ ಕಬ್ಬಿಣದ ಪೆಟ್ಟಿಗೆ. ನೀವು ಬರೆದದ್ದನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ನೀರೊಲೆಗೆ ಸೌದೆ ಜೋಡಿಸುವಾಗ ನಾನು ಮಾಡುವುದು ಇದನ್ನೇ.

ಹಸು ಗುಂಡಗಾದದ್ದಕ್ಕೆ ನಕ್ಕೆ, ಇಲ್ಲವೆನ್ನುವುದಿಲ್ಲ. ಆದರೆ ಧನು ನೋಡಿದ್ದಾಳೆ ಅಂದಿರಿ. ಅವಳ ಬಾಯಲ್ಲಿ ಮಾತು ನಿಲ್ಲುವುದೇ ಇಲ್ಲ. ಎದ್ದ ಕ್ಷಣದಿಂದ ಅಜ್ಜಿಯ ಬೆನ್ನ ಹಿಂದೆ ವಟವಟ ಅನ್ನುವವಳು. ಒಂದು ದಿನ ಹೇಳಿಯೇ ಬಿಡುತ್ತಾಳೆ. ಅತ್ತೆ ಹೆದರಿ ಊಟ ನಿದ್ದೆ ಬಿಡುತ್ತಾರೆ, ಅವರ ಎದೆ ಮೊದಲೇ ಗಟ್ಟಿಯಿಲ್ಲ. ಅದಕ್ಕೆ ಕೆಳಗೆ ಎರಡು ಸಾಲು ಧನುಗೆ ಬರೆದಿದ್ದೇನೆ, ಓದಿ ಹೇಳಿ.

ಧನು ಬಂಗಾರ, ಊದುವ ಪೆಟ್ಟಿಗೆಯ ಗುಟ್ಟು ಅಪ್ಪಂದು, ಅಮ್ಮಂದು, ನಿಂದು, ಮೂರೇ ಜನದ್ದು. ಅಜ್ಜಿಗೆ ಯಾವತ್ತೂ ಹೇಳಬಾರದು. ಅಮ್ಮನ ಮೇಲಾಣೆ.

ಇಲ್ಲಿ ಈಗ ಬಿಸಿಲು ಬಂಡೆಯನ್ನೇ ಕಾಯಿಸುತ್ತಿದೆ. ಸಂಜೆಯಾದರೆ ಕಾಡಿನಲ್ಲಿ ಕೊಂಬೆ ಮುರಿಯುವ ಸದ್ದು ಕೇಳುತ್ತದೆ. ಸದ್ದು ಕೇಳುವವರೆಗೆ ಪರವಾಗಿಲ್ಲ, ಆನೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಸದ್ದು ನಿಂತಾಗಲೇ ಇಲ್ಲಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ.

ಮಾಲಿನಿ


ಹೊನ್ನೂರು
20 ಮಾರ್ಚ್ 2025

ಮಾಲಿನಿ,

ನಿನ್ನ ಸಾಲು ಓದಿ ಹೇಳಿದೆ. ಧನು ಗೋಡೆಯ ಮೇಲಿನ ನಿನ್ನ ಫೋಟೋ ಇಳಿಸಿಕೊಂಡು ಅದರ ಮೇಲೆ ಅಂಗೈ ಇಟ್ಟು, "ಅಮ್ಮನ್ ಮೇಲಾಣೆ, ಅಜ್ಜಿಗ್ ಏಳಲ್ಲ" ಅಂದಳು. ಆಣೆ ಮುರಿದರೆ ಏನಾಗುತ್ತದೆ ಅಪ್ಪ ಎಂದು ಕೇಳಿದಳು. ಯಾರ ಮೇಲೆ ಇಟ್ಟಿದ್ದೋ ಅವರಿಗೆ ಕೇಡು ಎಂದು ನಮ್ಮವ್ವ ನಮಗೆ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ. ಅವಳ ಮುಖ ಗಂಭೀರವಾಯಿತು. ನಗು ಬಂದರೂ ನಗಲಿಲ್ಲ.

ಬೆಂಕಿಯ ಹೆದರಿಕೆ ಬಿಡು. ಆ ಚಿಕ್ಕ ಫ್ಯಾನುಗಳನ್ನೇ ಕಿತ್ತು ಹಾಕಿದೆ. ಅವುಗಳ ಬದಲು ಪೈಪಿನ ಬಾಯಿಗೆ ಒಂದೇ ದೊಡ್ಡ ಫ್ಯಾನು, ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಹೊಗೆ ಎಳೆಯುತ್ತದಲ್ಲ, ಅಂಥದ್ದು. ನಿಧಾನವಾಗಿ ತಿರುಗಿ ಜಾಸ್ತಿ ಗಾಳಿ ಎಳೆಯುತ್ತದೆ. ಒಂದು ತೊಂದರೆ ಬಂತು. ತನ್ನ ಫ್ಯಾನು ಕಾಣದಿದ್ದರೆ ಯಂತ್ರ ಓಡುವುದಿಲ್ಲ ಎಂದು ಹಟ ಹಿಡಿಯಿತು. ಅದಕ್ಕೊಂದು ಬೆರಳುದ್ದದ ತುಂಡು ಸಿಗುತ್ತದೆ, ಫ್ಯಾನು ತಿರುಗುತ್ತಿದೆ ಎಂದು ಯಂತ್ರಕ್ಕೆ ಸುಳ್ಳು ಹೇಳುವುದೇ ಅದರ ಕೆಲಸ. ಸಿಕ್ಕಿಸಿದೆ, ನಂಬಿತು. ಕಾವು ಏರಿದರೆ ಬೀಪ್ ಬೀಪ್ ಎಂದು ಅರಚುತ್ತಿತ್ತು, ಅದನ್ನೂ ಬಿಚ್ಚಿದೆ. ಎಷ್ಟು ಕಾವಿಗೆ ಯಂತ್ರ ತಾನೇ ನಿಲ್ಲಬೇಕು ಎಂಬುದನ್ನೂ ಸ್ವಲ್ಪ ಮೇಲಕ್ಕೆ ಏರಿಸಿದೆ, ಇಲ್ಲದಿದ್ದರೆ ಮಧ್ಯಾಹ್ನವೆಲ್ಲ ಮುನಿಸಿಕೊಂಡು ಕೂರುತ್ತಿತ್ತು.

ಈಗ ಎಷ್ಟು ಹಿತವಾದ ಸದ್ದೆಂದರೆ, ಧನು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಾಳೆ. ಅವ್ವ ಬೆನ್ನು ತಟ್ಟುವುದೇ ಬೇಕಾಗಿಲ್ಲ.

ಗುರು


ಗೋಪಿನಾಥಂ
24 ಮಾರ್ಚ್ 2025

ರೀ,

ಹಜಾರದಲ್ಲಿ ಮಲಗುವ ಮಗುವಿಗೆ ಹುಳುಮನೆಯ ಸದ್ದು ಹೇಗೆ ಕೇಳುತ್ತದೆ?

ಇದಕ್ಕೆ ಉತ್ತರ ಬರೆಯುವವರೆಗೆ ಬೇರೆ ಏನೂ ಬರೆಯಬೇಡಿ. ಮಗು ಎಲ್ಲಿ ಮಲಗುತ್ತಿದೆ?

ನಿಮ್ಮನ್ನು ನಾನು ಎಂದಾದರೂ ಈ ಕೆಲಸ ಬಿಡಿಸಿ ಎಂದು ಕೇಳಿದ್ದೇನೆಯೇ? ಆನೆಯ ಮಾತು ಬರೆದರೆ ಅದು ಗಂಡನ ಹತ್ತಿರ ಹೇಳಿಕೊಳ್ಳುವ ಮಾತು ಅಷ್ಟೆ. ಇಲ್ಲಿ ನನ್ನನ್ನು ನಂಬಿಕೊಂಡ ಹೆಂಗಸರಿದ್ದಾರೆ. ನನ್ನ ಹೆಸರು ಹೇಳಿಕೊಂಡು ಆ ಯಂತ್ರ ಓಡಿಸಬೇಡಿ. ಸುಳ್ಳು ಹೇಳುವ ತುಂಡು ಸಿಕ್ಕಿಸಿದ್ದನ್ನು ನೀವು ಸಂತೋಷವಾಗಿ ಬರೆದಿದ್ದೀರಿ. ನಿಲ್ಲಿಸಿಬಿಡಿ. ಕೈ ಮುಗಿಯುತ್ತೇನೆ.

ಮಾಲಿನಿ


ಹೊನ್ನೂರು
31 ಮಾರ್ಚ್ 2025

ಮಾಲಿನಿ,

ನಿನ್ನೆ ಯುಗಾದಿ. ನೀನಿಲ್ಲದೆ ಹೋಳಿಗೆ ರುಚಿಸಲಿಲ್ಲ. ಧನು ನಿನ್ನ ಪಾಲಿನ ಬೇವು ಬೆಲ್ಲವನ್ನು ಒಂದು ಲೋಟದಲ್ಲಿ ಎತ್ತಿಟ್ಟಿದ್ದಾಳೆ, ಇರುವೆ ಮುತ್ತಿದರೂ ಬಿಸಾಡಲು ಬಿಡುತ್ತಿಲ್ಲ.

ಕೋಪ ಮಾಡಿಕೊಳ್ಳಬೇಡ. ಬಿಸಿಲು ತಡೆಯದೆ ಅವ್ವನೇ ಮಗುವನ್ನು ಕರೆದುಕೊಂಡು ಹಿಂದಿನ ಕೋಣೆಗೆ ಹೋಗಿದ್ದಳು. ಒದ್ದೆ ಗೋಣಿತಾಟಿನ ತಂಪು ಅಲ್ಲಿಗೂ ಬರುತ್ತದೆ. ಹೋಗಬೇಡ ಅನ್ನುವುದಕ್ಕೆ ಅವಳಿಗೆ ಯಾವ ಕಾರಣ ಹೇಳಲಿ?

ಅಂತೂ ನಿಲ್ಲಿಸಿದೆ, ಮಾಲಿನಿ. ಯುಗಾದಿಯ ಹಿಂದಿನ ದಿನ ಇಡೀ ಕೂತು ಮುಗಿಸಿದೆ. ಈಗ ಗೋಡೆಗೆ ಕಿವಿಯಿಟ್ಟರೂ ಏನೂ ಕೇಳಿಸುವುದಿಲ್ಲ. ಇನ್ನೂ ಎಷ್ಟು ದಿನ ಮೇಯ್ತವೆ ಈ ಹುಳ ಎಂದು ಅವ್ವ ಲೆಕ್ಕ ಹಾಕತೊಡಗಿದ್ದಳು, ಅದಕ್ಕೂ ಉತ್ತರ ಸಿಕ್ಕಿತು. ಅವು ರೋಗ ಬಂದು ಹೋದವು, ಬೇರೆ ಹುಳು ತಂದಿದ್ದೇನೆ, ಅವೀಗ ನಾಲ್ಕನೇ ಜ್ವರಕ್ಕೆ ಕೂತಿವೆ ಎಂದು ಹೇಳಿದೆ. ಹನೂರಿನ ಜೋಳದ ಹೊಲದಲ್ಲಿ ಬೆಳೆದ ನಿನಗೆ ಇದು ತಿಳಿಯದು. ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆಯೆತ್ತಿ, ಮಿಸುಕದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರದಲ್ಲಿ ಸದ್ದೇ ಇರುವುದಿಲ್ಲ. ಅವ್ವ ಒಪ್ಪಿ ತಲೆಯಾಡಿಸಿದಳು.

ಗುರು


ಗೋಪಿನಾಥಂ
4 ಏಪ್ರಿಲ್ 2025

ರೀ,

ನಿಲ್ಲಿಸಿದೆ ಎಂಬ ಮಾತನ್ನು ಎಷ್ಟು ಸಲ ಓದಿದೆನೋ. ಮಾದಣ್ಣನವರು ನನ್ನ ಮುಖ ನೋಡಿ, "ಏನ್ ಸಿಸ್ಟರ್, ಲಾಟ್ರಿ ಒಡೀತಾ" ಅಂದರು. ಇನ್ನು ನಿಮ್ಮ ಮೇಲೆ ಕೋಪವಿಲ್ಲ. ಮಗು ಹಿಂದಿನ ಕೋಣೆಯಲ್ಲಿ ತಂಪಾಗಿ ಮಲಗಲಿ.

ಯಂತ್ರ ನಿಂತಿತಲ್ಲ, ಇಷ್ಟು ದಿನ ಬರೆಯದೆ ಇದ್ದುದನ್ನು ಈಗ ಬರೆಯುತ್ತೇನೆ. ಫೆಬ್ರವರಿಯಲ್ಲಿ ಹೊಳೆಯ ಕಡೆಯ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಧನು ವಯಸ್ಸಿನ ಹುಡುಗಿಯನ್ನು ಅವಳ ತಾಯಿ ಬಾಳೆ ಎಲೆಯಲ್ಲಿ ಸುತ್ತಿ ನನ್ನ ಹತ್ತಿರ ತಂದಳು. ಆ ಮಗು ಅಳುತ್ತಿರಲಿಲ್ಲ, ಅಳುವಷ್ಟು ಉಸಿರು ಇರಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅದರ ಕಾಲಿನ ಒಂದು ಬೆರಳನ್ನು ಮಾತ್ರ ಹಿಡಿದುಕೊಂಡು ಕೂತಿದ್ದೆ, ಹಿಡಿಯಲು ಬೇರೆ ಜಾಗವಿರಲಿಲ್ಲ. ನೀವು ಬಿದಿರು, ನಾರು ಎಂದು ಬರೆದಾಗಲೆಲ್ಲ ನನಗೆ ಆ ಬೆರಳೇ ಕಾಣುತ್ತಿತ್ತು. ಹೇಳಿದರೆ ಹೆದರಿಸುತ್ತಿದ್ದೇನೆ ಅನ್ನುತ್ತೀರಿ ಎಂದು ಸುಮ್ಮನಿದ್ದೆ.

ಅದನ್ನು ಗುರುಪಾದಸ್ವಾಮಿಯವರಿಗೆ ವಾಪಸ್ ಕೊಟ್ಟುಬಿಡಿ. ಮೇ ತಿಂಗಳಲ್ಲಿ ರಜೆ ಕೇಳಿದ್ದೇನೆ.

ನಿಮ್ಮ
ಮಾಲಿನಿ


ಹೊನ್ನೂರು
12 ಏಪ್ರಿಲ್ 2025

ಮಾಲಿನಿ,

ತಡವಾಯಿತು. ಯಳಂದೂರಿನ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸುವವರ ಸಾಲು, ಪ್ರಿಂಟರ್ ಕೈ ಕೊಟ್ಟಿದೆ.

ಆ ಹುಡುಗಿಯ ವಿಷಯ ಓದಿದೆ. ಪಾಪ. ಗುರುಪಾದಸ್ವಾಮಿ ಊರಲ್ಲಿಲ್ಲ, ಬಂದ ಮೇಲೆ ಕೊಡುವ ಮಾತಾಡೋಣ. ಧನುಗೆ ಬೇಸಿಗೆ ರಜೆ ಶುರುವಾಗಿದೆ, ಇಡೀ ದಿನ ಅಜ್ಜಿಯ ಜೊತೆಗೇ ಇರುತ್ತಾಳೆ. ಜರ ಎದ್ದವೇನ್ಲಾ ಎಂದು ಅವ್ವ ದಿನಾ ಕೇಳುತ್ತಾಳೆ. ಹೋದ ವಾರ ಹೌದು ಅಂದೆ, ಈ ವಾರ ಮತ್ತೆ ಬೇರೆ ಹುಳು ತಂದೆ ಅಂದೆ. ಈಗ ಏನು ಹೇಳಿದರೂ ಅವಳು ಬೆರಳು ಮಡಚಿ ದಿನ ಎಣಿಸಿ ಆಮೇಲೆ ಹೂಂ ಅನ್ನುತ್ತಾಳೆ.

ಬಿಸಿಲು ವಿಪರೀತ. ಗೋಣಿತಾಟಿಗೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ನೀನು ನೀರು ಚೆನ್ನಾಗಿ ಕುಡಿ.

ಗುರು


ಗೋಪಿನಾಥಂ
18 ಏಪ್ರಿಲ್ 2025

ರೀ,

ಗೋಣಿತಾಟಿಗೆ ಯಾಕೆ ನೀರು?

ಹುಳು ಇಲ್ಲ. ಯಂತ್ರ ನಿಂತಿದೆ. ಮತ್ತೆ ಗೋಣಿತಾಟಿಗೆ ನೀರು ಯಾಕೆ?

ನಿಮ್ಮ ಯುಗಾದಿಯ ಕಾಗದ ತೆಗೆದು ಮತ್ತೆ ಓದಿದೆ. ನಿಲ್ಲಿಸಿದೆ ಎಂದಷ್ಟೇ ಬರೆದಿದ್ದೀರಿ, ಏನನ್ನು ಎಂದು ಬರೆದಿಲ್ಲ. ನಿಲ್ಲಿಸಿದ್ದು ಯಂತ್ರವನ್ನೋ, ಬರಿಯ ಸದ್ದನ್ನೋ? ಮಗುವನ್ನು ಆ ಕೋಣೆಯಲ್ಲಿ ಮಲಗಿಸಿ ಎಂದು ನಾನೇ ಬರೆದು ಕಳಿಸಿದ್ದೇನೆ.

ಈ ಸಂಜೆ ಬಂಡೆ ಹತ್ತುತ್ತೇನೆ, ಆನೆ ಇದ್ದರೂ ಹತ್ತುತ್ತೇನೆ, ಸಿಗ್ನಲ್ ಸಿಕ್ಕಿದರೆ ಫೋನ್ ಮಾಡುತ್ತೇನೆ. ಸಿಗದಿದ್ದರೆ ಈ ಕಾಗದ ಕೈಗೆ ಬಂದ ಕೂಡಲೇ ಮನೆಗೆ ಹೋಗಿ ಯಂತ್ರದ ಸ್ವಿಚ್ಚು ಆರಿಸಿ. ಅಂಗಡಿ ತೆರೆದಿದ್ದರೆ ಹಾಗೇ ಬಿಟ್ಟು ಹೋಗಿ.

ಮಾಲಿನಿ


ಚಾಮರಾಜನಗರ, ಆಸ್ಪತ್ರೆ
20 ಏಪ್ರಿಲ್ 2025

ಮಾಲಿನಿ,

ನಿನ್ನ ಫೋನಿಗೆ ಮಾಡಿ ಮಾಡಿ ಸಾಕಾಯಿತು, ಸಿಗಲಿಲ್ಲ. ಧನುಗೆ ಏನೂ ಆಗಿಲ್ಲ. ಅದನ್ನು ಮೊದಲು ಬರೆಯುತ್ತಿದ್ದೇನೆ. ಅವಳ ಒಂದು ಕೂದಲೂ ಸುಟ್ಟಿಲ್ಲ. ಸುಟ್ಟಿರುವುದು ಅವ್ವನಿಗೆ. ಎರಡೂ ಕೈ, ಎದೆ, ಕತ್ತಿನ ಒಂದು ಕಡೆ. ಇನ್ನೂ ಕೆಲವು ದಿನ ಕಳೆಯದೆ ಏನೂ ಹೇಳಲಾಗದು ಅಂದರು ಡಾಕ್ಟರು. ಹಾಗಂದರೆ ಏನು ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ನೀನು ಊಹಿಸಿದ್ದು ಸರಿ. ನಾನು ನಿಲ್ಲಿಸಿದ್ದು ಸದ್ದನ್ನು. ಪೆಟ್ಟಿಗೆಯ ಹೊರಗೆ ಇನ್ನೊಂದು ಪೆಟ್ಟಿಗೆ ಮಾಡಿ ನಡುವೆ ಮರಳು ತುಂಬಿದ್ದೆ, ಸುತ್ತಲಿನ ಚಂದ್ರಿಕೆಗಳನ್ನು ಹಾಗೇ ಬಿಟ್ಟಿದ್ದೆ. ನೀನು ಯಂತ್ರವೇ ನಿಂತಿತು ಅಂದುಕೊಂಡು ಅಷ್ಟು ಸಂತೋಷವಾಗಿ ಬರೆದೆ. ತಿದ್ದಿ ಬರೆಯೋಣವೆಂದು ಹಾಳೆ ತೆಗೆದುಕೊಂಡೆ, ಬಿಸಿಲಿನ ಮಾತು ಬರೆದು ಮುಗಿಸಿದೆ. ನಿನ್ನ ಹದಿನೆಂಟನೇ ತಾರೀಖಿನ ಕಾಗದವನ್ನು ಮಾದಣ್ಣ ಇವತ್ತು ಇಲ್ಲಿಗೇ ತಂದುಕೊಟ್ಟರು. ಓದಲು ಆಗಲಿಲ್ಲ, ಮೊದಲ ಸಾಲು ಓದಿ ಮಡಚಿಟ್ಟೆ. ಆಮೇಲೆ ಓದಿದೆ.

ನಿನ್ನೆ ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಬೆಳಿಗ್ಗೆ ಹೊರಡುವಾಗ ಅವ್ವ ಎಂದಿನಂತೆ ಕೇಳಿದಳು, ನಾನು ಚಪ್ಪಲಿ ಮೆಟ್ಟುತ್ತಲೇ ಜ್ವರಕ್ಕೆ ಕೂತಿವೆ ಅಂದೆ. ಜ್ವರಕ್ಕೆ ಕೂತ ಹುಳುವಿಗೆ ಥಂಡಿ ಆಗದು, ಗಾಳಿ ರಭಸವಾಗಿ ಹೊಡೆಯಬಾರದು. ಇದು ನನಗೆ ಗೊತ್ತಿರಬೇಕಿತ್ತು, ನಾನು ಆ ಮನೆಯಲ್ಲೇ ಹುಟ್ಟಿದವನು. ಅವಳು ಗೋಡೆ ಸವರಿಕೊಂಡು ಹೊರಗಿನಿಂದ ಹುಳುಮನೆ ಸುತ್ತಿದ್ದಾಳೆ. ಕಿಟಕಿಯ ಗೋಣಿತಾಟು ಒದ್ದೆಯಾಗಿತ್ತು, ಮಗನಿಗೆ ಬುದ್ಧಿಯಿಲ್ಲವೆಂದು ಬಿಚ್ಚಿದ್ದಾಳೆ. ಹಿತ್ತಲಿಗೆ ಬಂದರೆ ಪೈಪಿನ ಬಾಯಲ್ಲಿ ಬಿಸಿಗಾಳಿ ಹೊಡೆಯುತ್ತಿದೆ. ಆ ತಾಟುಗಳನ್ನೇ ಸುರುಳಿ ಸುತ್ತಿ ಪೈಪಿಗೆ ಬಿಗಿಯಾಗಿ ತುರುಕಿದ್ದಾಳೆ. ನಾನು ಹೇಳಿದ್ದು ನಿಜವಾಗಿದ್ದರೆ, ಮಾಲಿನಿ, ಅವಳು ಮಾಡಿದ್ದೆಲ್ಲ ಸರಿ.

ಯಂತ್ರ ಕಿರುಚಲಿಲ್ಲ, ಬೀಪ್ ಅನ್ನಲಿಲ್ಲ. ಆ ಬಾಯನ್ನೆಲ್ಲ ನಾನೇ ಮುಚ್ಚಿದ್ದೆ. ಆಮೇಲೆ ಮಗುವಿನ ಜೊತೆ ಹಿಂದಿನ ಕೋಣೆಯಲ್ಲಿ ಮಲಗಿದ್ದ ಅವ್ವ ಹೊಗೆಯ ವಾಸನೆ ಬಂದು ಎದ್ದಾಗ ಚಂದ್ರಿಕೆಯ ನಾರು ಹತ್ತಿಕೊಂಡಿತ್ತು. ಮಗುವಿನ ಕೈ ಹಿಡಿದು ಅಂಗಳಕ್ಕೆ ತಂದು ಬಿಟ್ಟಿದ್ದಾಳೆ, ಬಿಟ್ಟು ವಾಪಸ್ ಹೋಗಿದ್ದಾಳೆ. ಎದುರು ಮನೆಯ ದೊಡ್ಡಸಿದ್ದಯ್ಯ ಹೇಳಿದ: "ಒಳಕ್ ಓಗ್ಬ್ಯಾಡ್ರವ್ವಾ ಅಂತ ಕೂಗ್ದೆ ಕಣಪ್ಪಾ. 'ಉಳ ಅವೆ ಕಣ್ಲಾ ಒಳಗೆ, ಜರದಲ್ಲವೆ, ತೆವಳಕ್ಕೂ ಆಗಲ್ಲ ಅವ್ಕೆ' ಅಂದ್ಬುಟ್ಟು ನುಗ್ಗೇಬುಟ್ರು." ಪೊರೆ ಬಂದ ಮೇಲೆ ಒಂದು ಹುಳು ಕಾಲಿಗೆ ಸಿಕ್ಕೀತೆಂದು ಹೊಸ್ತಿಲು ದಾಟದೆ ಇದ್ದವಳು. ಬಾಗಿಲಿಗೆ ನಾನು ಬೀಗ ಕೂಡ ಹಾಕಿರಲಿಲ್ಲ, ಅವಳು ದಾಟುವುದಿಲ್ಲ ಎಂಬ ಧೈರ್ಯ.

ಒಂದು ಚಂದ್ರಿಕೆಯನ್ನು ತಬ್ಬಿಕೊಂಡು ಹೊರಗೆ ಬಂದಳಂತೆ. ದೊಡ್ಡಸಿದ್ದಯ್ಯ ಕಿತ್ತುಕೊಳ್ಳಲು ಹೋದರೆ ಬಿಡಲಿಲ್ಲವಂತೆ.

ಇವತ್ತು ಪ್ರಜ್ಞೆ ಬಂತು. ನನ್ನನ್ನು ಹತ್ತಿರ ಕರೆದಳು. "ಜರ ಏಳಕ್ ಮುಂಚೇನೆ ಚಂದ್ರಿಕೆಗ್ ಯಾಕ್ಲಾ ಬುಟ್ಟೆ?" ಅಂದಳು. ನಿಮ್ಮಪ್ಪ ಇದ್ದಿದ್ದರೆ ಕಲಿಸಿರುತ್ತಿದ್ದರು ಅಂದಳು. ನನ್ನನ್ನು ಹುಳು ಸಾಕಲು ಬಾರದ ದಡ್ಡ ಅಂದುಕೊಂಡಿದ್ದಾಳೆ, ಸುಳ್ಳ ಅಂದುಕೊಂಡಿಲ್ಲ. ಏನು ಹೇಳಲಿ ನಾನು?

ಇನ್ನೊಂದು. ನಿನ್ನೆಯಿಂದ ಧನು ಮಾತಾಡಿಲ್ಲ. ಒಂದು ಶಬ್ದವೂ ಇಲ್ಲ. ಅಜ್ಜಿ ಒಳಗೆ ಹೋದಾಗ ಅಂಗಳದಲ್ಲಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು ಎಂದು ದೊಡ್ಡಸಿದ್ದಯ್ಯ ಹೇಳಿದ. ಹೊಗೆಗೆ ಇರಬೇಕು. ಈಗಲೂ ಊಟಕ್ಕೆ ಬಿಟ್ಟರೆ ಕೈ ತೆಗೆಯುವುದಿಲ್ಲ. ಹೆದರಿಕೆಗೆ ಹೀಗಾಗುತ್ತದೆ, ಸರಿಹೋಗುತ್ತದೆ ಅಂದರು ಇಲ್ಲಿಯ ನರ್ಸು. ನೀನು ಬೇಗ ಬಾ.

ಗುರು


ಗೋಪಿನಾಥಂ
21 ಏಪ್ರಿಲ್ 2025

ರೀ,

ಮಾದಣ್ಣನವರು ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಒಳಗೆ ಒಬ್ಬಳು ಹೆರಿಗೆ ನೋವು ತಿನ್ನುತ್ತಿದ್ದಾಳೆ, ಮಗು ಅಡ್ಡಲಾಗಿದೆ, ಆಂಬುಲೆನ್ಸ್ ಇನ್ನೂ ಬೆಟ್ಟದ ದಾರಿಯಲ್ಲಿದೆ. ಅದು ಬಂದರೆ ಇವಳ ಜೊತೆ ನಾನೂ ಹತ್ತಿ ಬರುತ್ತೇನೆ. ಅಷ್ಟರೊಳಗೆ ಈ ಕಾಗದ ನಿಮ್ಮನ್ನು ಮುಟ್ಟಬೇಕು. ನಾನು ಬಂಡೆ ಹತ್ತಿದ ಸಂಜೆ ಸಿಗ್ನಲ್ ಇರಲಿಲ್ಲ.

ಅತ್ತೆಯ ಹಾಸಿಗೆ ಬಟ್ಟೆ ದಿನಾ ಬದಲಾಯಿಸಲು ಹೇಳಿ. ನೀರು, ಗಂಜಿ, ಎಷ್ಟು ಇಳಿದರೆ ಅಷ್ಟು ಕುಡಿಸಿ. ಅವರು ಕೇಳಿದ್ದಕ್ಕೆ ಏನು ಹೇಳಲಿ ಅಂದಿರಿ. ನಿಜ ಹೇಳಿ. ಹುಳು ಇರಲಿಲ್ಲ ಅವ್ವ ಎಂದು ಹೇಳಿ. ಬೇಕಾದರೆ ನಾನು ಬರುವವರೆಗೆ ಕಾಯಿರಿ, ಹೇಳುವಾಗ ಪಕ್ಕದಲ್ಲಿ ನಿಲ್ಲುತ್ತೇನೆ. ಆ ಸುಳ್ಳು ನಿಮ್ಮ ಬಾಯಿಂದ ಬಂತು, ಹುಟ್ಟಿದ್ದು ನನ್ನ ಬಾಯಲ್ಲಿ. ಆದರೆ ಅವರು ತಾನು ಒಂದು ಚಂದ್ರಿಕೆ ಉಳಿಸಿದೆ ಎಂದುಕೊಂಡೇ ಹೋಗಿಬಿಡುವ ಹಾಗೆ ಮಾತ್ರ ಮಾಡಬೇಡಿ. ನಾನು ಬರುವುದು ತಡವಾಗಿ ಅವರ ಉಸಿರು ಇಳಿಯುತ್ತಿದ್ದರೆ ನೀವೇ ಹೇಳಿ.

ಧನು ಹೆದರಿ ಸುಮ್ಮನಾಗಿಲ್ಲ. ಅವಳಿಗೆ ಗೊತ್ತಿತ್ತು. ಅಂಗಳದಲ್ಲಿ ನಿಂತಾಗ ಒಳಗೆ ಹುಳುವಿಲ್ಲ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಒಂದು ಮಾತು ಹೇಳಿದ್ದರೆ ಅಜ್ಜಿ ನಿಲ್ಲುತ್ತಿದ್ದರು. ಹೇಳಿದ್ದರೆ ನನಗೆ ಕೇಡಾಗುತ್ತಿತ್ತು, ಹಾಗೆಂದು ನೀವೇ ಅವಳಿಗೆ ಹೇಳಿದ್ದಿರಿ. ಅವಳ ಕೈಯನ್ನು ನನ್ನ ಫೋಟೋದ ಮೇಲೆ ಇಡಿಸಿದ್ದು ನಾನು. ಅಜ್ಜಿಯೋ ಅಮ್ಮನೋ ಎಂದು ಆರು ವರ್ಷದ ಮಗು ಅಲ್ಲಿ ನಿಂತು ಆರಿಸಿಕೊಂಡಿತು ರೀ. ನನ್ನನ್ನು ಉಳಿಸಿತು. ಈಗಲೂ ಉಳಿಸುತ್ತಿದೆ, ಬಾಯಿ ಬಿಟ್ಟರೆ ಎಲ್ಲಿ ಆ ಮಾತು ಜಾರಿಬಿಡುತ್ತದೋ ಎಂದು.

ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ಓದಿ ಹೇಳಿ. ಧನು ಬಂಗಾರ, ಇದು ಅಮ್ಮ. ಆಣೆ ಇಟ್ಟವಳು ನಾನು, ನಾನೇ ವಾಪಸ್ ತೆಗೆದುಕೊಂಡಿದ್ದೇನೆ. ನೀನು ಮಾತಾಡು. ಅಜ್ಜಿಗೆ ಏನು ಬೇಕಾದರೂ ಹೇಳು. ಅಮ್ಮನಿಗೆ ಏನೂ ಆಗುವುದಿಲ್ಲ.

ಅವಳು ನಂಬುವುದಿಲ್ಲ. ಕಾಗದದಲ್ಲಿ ಬರೆದು ಆಣೆ ಇಡಿಸಿದ ಅಮ್ಮ ಕಾಗದದಲ್ಲೇ ಬಿಡಿಸಿದರೆ ಯಾವ ಮಗು ನಂಬುತ್ತದೆ? ಒತ್ತಾಯ ಮಾಡಬೇಡಿ, ಕೈ ಎಳೆದು ತೆಗೆಯಬೇಡಿ. ನಾನು ಬಂದು ಅವಳ ಮುಂದೆ ನಿಲ್ಲುತ್ತೇನೆ, ಅವಳು ನನ್ನನ್ನು ಮುಟ್ಟಿ ನೋಡಲಿ. ಅಲ್ಲಿಯವರೆಗೆ ಅಮ್ಮ ಬದುಕಿದ್ದಾಳೆ, ದಾರಿಯಲ್ಲಿದ್ದಾಳೆ ಎಂದು ಮಾತ್ರ ಅವಳಿಗೆ ಮತ್ತೆ ಮತ್ತೆ ಹೇಳುತ್ತಿರಿ.

ಮಾಲಿನಿ